ಮೈಸೂರು–ಮಂಡ್ಯ ಸುತ್ತ ಹಳೆಯ ಸಾಮಾನು ಹುಡುಕಿಕೊಂಡು ಎರಡು ದಿನದ ಪ್ರವಾಸ: ಯಾವ ದಾರಿ ಹಿಡಿಯಬೇಕು?

ಒಂಟಿಕೊಪ್ಪಲಿನ ಸೊಸೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಆರು ತಿಂಗಳ ಹಿಂದೆ ಬೆಂಗಳೂರು ಬಿಟ್ಟು ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ಅತ್ತೆಯವರ ಮನೆಗೆ ಬಂದು ನೆಲೆಸಿದ್ದೇವೆ. ಮನೆ ಹಳೆಯದು, ಆದರೆ ಒಳಗಿನ ಸಾಮಾನು ಒಂದೂ ಹಳೆಯದಲ್ಲ. ಹದಿನೈದು ವರ್ಷಗಳ ಹಿಂದೆ ಅಣ್ಣತಮ್ಮಂದಿರ ನಡುವೆ ಪಾಲಾದಾಗ ತಾಮ್ರದ ಹಂಡೆ, ಕೊಳದಪ್ಪಲೆ, ಶ್ಯಾವಿಗೆ ಒತ್ತು, ಅಳತೆಯ ಸೇರು ಪಾವುಗಳು ಎಲ್ಲವನ್ನೂ ತೂಕಕ್ಕೆ ಹಾಕಿ, ಬಂದ ಹಣವನ್ನು ಸಮನಾಗಿ ಹಂಚಿಕೊಂಡರಂತೆ. ಅತ್ತೆಯವರು ಆ ದಿನದ ಮಾತನ್ನು ಎತ್ತುವುದಿಲ್ಲ. ಆದರೆ ಅಕ್ಕಿ ಅಳೆಯುವಾಗ ಮಾತ್ರ ಇವತ್ತಿಗೂ ಸ್ಟೀಲ್ ಲೋಟವನ್ನು ತಿರುಗಿಸಿ ನೋಡಿ, "ಇದು ಪಾವೂ ಅಲ್ಲ, ಚಟಾಕೂ ಅಲ್ಲ" ಎಂದು ಗೊಣಗುತ್ತಾರೆ.

ಹೊರದೇಶಗಳಲ್ಲಿ ಶನಿವಾರ ಭಾನುವಾರ ಕಾರು ತೆಗೆದುಕೊಂಡು ಅಕ್ಕಪಕ್ಕದ ಊರುಗಳಿಗೆ ಹೋಗಿ, ಅಲ್ಲಿನ ಹಳೆಯ ಸಾಮಾನಿನ ಅಂಗಡಿಗಳನ್ನು ಒಂದೊಂದಾಗಿ ನೋಡಿಕೊಂಡು ಬರುವ ಪರಿಪಾಠವಿದೆ. ಜನರು ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕಗಳನ್ನು ಅಂಥ ಅಂಗಡಿಗೆ ದಾನ ಕೊಡುತ್ತಾರೆ, ಅಂಗಡಿಯವರು ಒರೆಸಿ, ಬೆಲೆಚೀಟಿ ಅಂಟಿಸಿ ಸಾಲಾಗಿ ಜೋಡಿಸಿಡುತ್ತಾರೆ. ನಮ್ಮ ಕಡೆಯೂ ಹಾಗೊಂದು ಪ್ರವಾಸ ಮಾಡೋಣವೆಂದು ಹೊರಟರೆ ಮೊದಲ ಶನಿವಾರವೇ ಮುಗ್ಗರಿಸಿದೆವು. ಮೈಸೂರಿನಲ್ಲೇ ಒಂದು ದೊಡ್ಡ ಅಂಗಡಿಯಲ್ಲಿ "ನೂರು ವರ್ಷದ ಉರುಳಿ" ಎಂದು ಹೇಳಿ ಕೊಟ್ಟ ಪಾತ್ರೆಯನ್ನು ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದಾಗ ಅದರ ಕಪ್ಪು ಮಾತ್ರವಲ್ಲ, ನೂರು ವರ್ಷವೂ ನೀರಿನಲ್ಲಿ ಹರಿದು ಹೋಯಿತು. ಒಳಗೆ ಹೊಳೆಯುವ ಹೊಸ ಹಿತ್ತಾಳೆ. ಔಷಧ ಬಳಿದು ಹಳೆಯದರಂತೆ ಮಾಡಿದ್ದರು.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಮೈಸೂರಿನಿಂದ ಹೊರಟು ಶ್ರೀರಂಗಪಟ್ಟಣ, ಮಂಡ್ಯ, ಆಸುಪಾಸಿನ ಊರುಗಳಲ್ಲಿ ನಿಜವಾದ ಹಳೆಯ ಸಾಮಾನು ಸಿಗುವ ಅಂಗಡಿಗಳು ಇವೆಯೇ? ನಮಗೆ ಬೇಕಾಗಿರುವುದು ಅಡುಗೆಗೆ ಬಳಸಬಹುದಾದ ಎರಡು ಮೂರು ಪಾತ್ರೆ, ಒಂದು ಪಾವು, ಸಾಧ್ಯವಾದರೆ ಕನ್ನಡದ ಹಳೆಯ ಪುಸ್ತಕಗಳು, ಸಿಕ್ಕರೆ ಒಂದು ಹಳೆಯ ಮೈಸೂರು ರೇಷ್ಮೆ ಸೀರೆ. ಪ್ರದರ್ಶನಕ್ಕಿಡುವ ಉದ್ದೇಶವಿಲ್ಲ. ಚಿಕ್ಕ ಕಾರು, ಎರಡು ದಿನ, ಎಂಟು ಸಾವಿರ ರೂಪಾಯಿ. ಮಂಡ್ಯದಲ್ಲಿ ರಾತ್ರಿ ತಂಗಲು ನಮ್ಮ ಚಿಕ್ಕಮ್ಮನ ಮನೆಯಿದೆ.

ತಕ್ಕಡಿ, ಮಂಡ್ಯ ಉತ್ತರಿಸಿದ್ದಾರೆ:

ಒಂಟಿಕೊಪ್ಪಲಿನವರಿಗೆ ನಮಸ್ಕಾರ. ನಮ್ಮ ಮಾವನವರ ಕಾಲದಿಂದ ನಮ್ಮದು ಪಾತ್ರೆ ಅಂಗಡಿ. ಹನ್ನೆರಡು ವರ್ಷಗಳಿಂದ ಗಲ್ಲಾದ ಮುಂದೆ ನಾನೇ ಕೂರುತ್ತಿರುವುದರಿಂದ ಒಳಗಿನವಳಾಗಿ ಹೇಳುತ್ತೇನೆ. ನೀವು ಹೇಳಿದಂಥ, ಬೆಲೆಚೀಟಿ ಅಂಟಿಸಿ ಜೋಡಿಸಿಟ್ಟ ಅಂಗಡಿ ಈ ದಾರಿಯಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ಹಳೆಯ ಸಾಮಾನು ಇಲ್ಲವೆಂದಲ್ಲ. ಅದು ನಿಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ, ಅಷ್ಟೇ.

ನಮ್ಮಲ್ಲಿ ಹಳೆಯ ಪಾತ್ರೆಯನ್ನು ಯಾರೂ ದಾನ ಕೊಡುವುದಿಲ್ಲ, ಹಾಕಿ ಹೊಸದು ಒಯ್ಯುತ್ತಾರೆ. ಹಿತ್ತಾಳೆಯ ಕೊಳಗ ತಂದವರಿಗೆ ನಾವು ತಕ್ಕಡಿಯಲ್ಲಿ ತೂಗಿ, ಕಬ್ಬಿಣದ ಹಿಡಿ, ಬೆಸುಗೆ, ಹಿಡಿದ ಕಿಲುಬು ಇವುಗಳ ಲೆಕ್ಕಕ್ಕೆ ಒಂದಿಷ್ಟು ಕಳೆದು, ಉಳಿದ ತೂಕಕ್ಕೆ ಆ ದಿನದ ಹಳೇ ಮಾಲಿನ ದರ ಕಟ್ಟಿ, ಆ ಮೊತ್ತವನ್ನು ಅವರು ಆರಿಸಿದ ಸ್ಟೀಲ್ ಪಾತ್ರೆ ಅಥವಾ ಕುಕ್ಕರಿನ ಬೆಲೆಯಲ್ಲಿ ಮುರಿದುಕೊಳ್ಳುತ್ತೇವೆ. ಹೀಗೆ ಬಂದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿಚೀಲ ಸೇರುತ್ತದೆ. ಚೀಲಗಳು ಒಂದು ಟೆಂಪೋಗೆ ಆಗುವಷ್ಟಾದಾಗ ಕರಗಿಸುವ ಕಡೆಯವರು ಬಂದು ತುಂಬಿಕೊಂಡು ಹೋಗುತ್ತಾರೆ. ಮನೆಯಿಂದ ಹೊರಬಿದ್ದ ಪಾತ್ರೆ ಮೂಸೆಗೆ ಬೀಳುವ ಮೊದಲು ಹೀಗೆ ಒಂದೆರಡು ವಾರ ಕತ್ತಲೆಯಲ್ಲಿ ಕಾಯುತ್ತದೆ. ನೀವು ಹೋಗಬೇಕಾದದ್ದು ಆ ಒಂದೆರಡು ವಾರದೊಳಗೆ. ಊರಿನ ಹೆಸರಿಗಿಂತ ದಿನವೇ ಇಲ್ಲಿ ಮುಖ್ಯ.

ಬಳಸುವಂಥದ್ದನ್ನು ಆರಿಸಿ ಮುಂದೆ ಇಟ್ಟು ಮಾರಬಾರದೇ ಎಂದು ನೀವು ಕೇಳಬಹುದು. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರನ್ನು ಕೇಳಿದ್ದೆ. ನಮ್ಮ ಗಿರಾಕಿಗಳು ಬಳಸಿದ ಪಾತ್ರೆಯನ್ನು ಮನೆಯೊಳಗೆ ಸೇರಿಸಿಕೊಳ್ಳುವುದಿಲ್ಲ. ಯಾರ ಮನೆಯದೋ, ಯಾವ ಕಾರ್ಯಕ್ಕೆ ಬಳಸಿದ್ದೋ, ಸೂತಕದ ಮನೆಯಿಂದ ಬಂದದ್ದೋ ಎಂಬ ಅಳುಕು ಇನ್ನೂ ಗಟ್ಟಿಯಾಗಿಯೇ ಇದೆ. ಕರಗಿಸಿ ಮತ್ತೆ ಪಾತ್ರೆ ಮಾಡಿದರೆ ಅದೇ ಲೋಹ ಮಡಿಗೂ ಆಗುತ್ತದೆ. ಇದರ ಜೊತೆಗೆ ಹೊಸ ಪಾತ್ರೆಗೆ ಮಜೂರಿ ಸಿಗುತ್ತದೆ, ಹಳೆಯದಕ್ಕೆ ಬರೀ ತೂಕ. ಗುಜರಿಯವರಿಗಂತೂ ಕಳವಿನ ಮಾಲಿನ ಭಯ ಬೇರೆ. ಅಪರಿಚಿತರು ಬಂದು "ಇದು ಎಲ್ಲಿಂದ ಬಂತು, ಎಷ್ಟು ವರ್ಷದ್ದು" ಎಂದು ಪ್ರಶ್ನೆ ಹಾಕುತ್ತಾ ಫೋನಿನಲ್ಲಿ ಫೋಟೋ ತೆಗೆಯಲು ಶುರುಮಾಡಿದರೆ ಅವರು ಬಾಗಿಲು ಎಳೆದುಕೊಳ್ಳುವುದು ಸಹಜ.

ಆದ್ದರಿಂದ ಕೇಳುವ ರೀತಿ ಮುಖ್ಯ. "ಆಂಟಿಕ್ ಇದೆಯಾ" ಎಂಬ ಮಾತು ಬಾಯಿಂದ ಬಂದರೆ ದರ ಅಲ್ಲೇ ಎರಡರಷ್ಟಾಗುತ್ತದೆ. "ಹಳೇ ಮಾಲಿನಲ್ಲಿ ಬಳಸೋವಂಥದ್ದು ಏನಾದರೂ ಇದೆಯಾ, ತೂಕಕ್ಕೆ ಕೊಡ್ತೀರಾ" ಎಂದು ಕೇಳಿ. ಕೊಂಡ ದರದ ಮೇಲೆ ಕಿಲೋಗೆ ನೂರೋ ನೂರೈವತ್ತೋ ಇಟ್ಟು ನಾನಂತೂ ಕೊಡುತ್ತೇನೆ. ಕರಗಿಸುವವರು ಕೊಡುವುದಕ್ಕಿಂತ ಅದು ಹೆಚ್ಚೇ ಆದ್ದರಿಂದ ಬೇರೆಯವರೂ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ಪೂಜೆ ಮುಗಿಯುವವರೆಗೆ ಬರಬೇಡಿ. ಬೋಣಿಗೆಯಾಗುವ ಮೊದಲು ಹಳೆಯ ಚೀಲ ಬಿಚ್ಚಿಸಿ, ಏನನ್ನೂ ಕೊಳ್ಳದೆ ಹೋದರೆ ಯಾರಿಗೂ ಹಿಡಿಸುವುದಿಲ್ಲ. ಮಧ್ಯಾಹ್ನ ಊಟದ ನಂತರ ಗಿರಾಕಿ ಕಡಿಮೆ, ಆಗ ಮಾತಿಗೂ ಸಿಗುತ್ತಾರೆ. ವರ್ಷದಲ್ಲಿ ನೋಡಿದರೆ ಆಯುಧಪೂಜೆಗೆ ಮನೆ ಗುಡಿಸಿ ಸಾರಿಸಿದ ಮೇಲಿನಿಂದ ದೀಪಾವಳಿಯ ಮರುವಾರದವರೆಗೆ, ಮತ್ತೆ ಯುಗಾದಿಗೆ ಮೊದಲು ನಮ್ಮ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಇನ್ನು ಲೋಹ. ಕಂಚು ಎಂದರೆ ಹೆಚ್ಚು ಕಡಿಮೆ 78 ಪಾಲು ತಾಮ್ರಕ್ಕೆ 22 ಪಾಲು ತವರ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಕಂಚಿನ ಬಟ್ಟಲನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ, ಬಳೆಯಿಂದಲೋ ನಾಣ್ಯದಿಂದಲೋ ಅಂಚಿಗೆ ಮೆಲ್ಲಗೆ ತಟ್ಟಿದರೆ ನಾದ ಎಳೆದುಕೊಂಡು ಹೋಗಬೇಕು. ಮಣ್ಣಿನ ಮಡಕೆಯಂತೆ 'ಟಪ್' ಎಂದು ನಿಂತರೆ ಎಲ್ಲೋ ಕೂದಲೆಳೆಯ ಬಿರುಕಿದೆಯೆಂದೇ ಲೆಕ್ಕ. ಕಂಚು ಗಾಜಿನ ಜಾತಿಯದು, ನೆಗ್ಗುವುದಿಲ್ಲ, ಒಡೆಯುತ್ತದೆ. ಆದ್ದರಿಂದ ನೆಗ್ಗಿದ ಪಾತ್ರೆಯನ್ನು ಕಂಚೆಂದು ಹೇಳಿದರೆ ನಂಬಬೇಡಿ. ಬುಡದಲ್ಲಿ ಮಂಕು ಬೂದಿಬಣ್ಣದ ತೇಪೆ ಕಂಡರೆ ಅದು ಸೀಸ ಬೆರೆತ ಬೆಸುಗೆಯಾಗಿರುವ ಸಂಭವವೇ ಹೆಚ್ಚು. ಅಂಥದ್ದರಲ್ಲಿ ಹೂವಿಡಿ, ಅಡುಗೆ ಮಾಡಬೇಡಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಳಿ ಬೇಯಿಸಬೇಕಾದರೆ ಒಳಗೆ ಕಲಾಯಿ ಆಗಲೇಬೇಕು. ಕಲಾಯಿಗೆ ಬೇಕಾದದ್ದು ಅಪ್ಪಟ ತವರ. ಅದು 232 ಡಿಗ್ರಿಗೇ ಕರಗುವುದರಿಂದ ಇದ್ದಿಲ ಒಲೆಯೇ ಸಾಕು. ಪಾತ್ರೆ ಕಾದಾಗ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ಸುತ್ತಿಗೆ ಒರೆಸಿಬಿಡುತ್ತಾರೆ. ಬಿಳಿ ಹೊಗೆ ಎದ್ದು, ಕಣ್ಣು ಮಿಟುಕಿಸುವುದರೊಳಗೆ ಒಳಭಾಗ ಬೆಳ್ಳಿಯಂತಾಗುತ್ತದೆ. ಸೀಸ ಬೆರೆಸಿ ದುಡ್ಡು ಉಳಿಸುವವರೂ ಇದ್ದಾರೆ. ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿ ನೋಡಿ, ಅಪ್ಪಟವಾದರೆ ಹಲ್ಲು ಕಡಿದಂತೆ ಕಿರುಗುಟ್ಟುತ್ತದೆ.

ಪಾಂಡವಪುರದ ನಿವೃತ್ತ ಮೇಷ್ಟ್ರು ಉತ್ತರಿಸಿದ್ದಾರೆ:

ತಕ್ಕಡಿಯವರು ಲೋಹದ ಪಾಠವನ್ನು ಮುಗಿಸಿರುವುದರಿಂದ ನಾನು ದಾರಿಯ ಬಗ್ಗೆ ಮತ್ತು ಕಾನೂನಿನ ಬಗ್ಗೆ ಬರೆಯುತ್ತೇನೆ.

ಮೊದಲನೆಯದಾಗಿ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಈ ಕೆಲಸಕ್ಕೆ ಹತ್ತಲೇಬೇಡಿ. ಅದು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಮೂರನ್ನೂ ಹೊರಗಿನಿಂದಲೇ ಬಳಸಿ ಹೋಗುತ್ತದೆ. ನಿಮಗೆ ಬೇಕಾದ ಅಂಗಡಿಗಳಿರುವುದು ಊರೊಳಗಿನ ಹಳೆಯ ರಸ್ತೆಯಲ್ಲಿ ಮತ್ತು ಪೇಟೆಬೀದಿಗಳಲ್ಲಿ. ಶನಿವಾರ ಹಳೆಯ ರಸ್ತೆ ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿದು ನೋಡಿ, ಮಧ್ಯಾಹ್ನಕ್ಕೆ ಮಂಡ್ಯ ಸೇರಿ. ಒಟ್ಟು ನಲವತ್ತೈದು ಕಿಲೋಮೀಟರಿನ ಆಸುಪಾಸು. ಭಾನುವಾರ ಬೆಳಿಗ್ಗೆ ಮಂಡ್ಯದಿಂದ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಚಾಮರಾಜನಗರ–ಜೇವರ್ಗಿ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಜಕ್ಕನಹಳ್ಳಿ, ಪಾಂಡವಪುರದ ಮೂಲಕ ಮತ್ತೆ ಶ್ರೀರಂಗಪಟ್ಟಣಕ್ಕೇ ಬರುತ್ತೀರಿ. ಹೋದ ದಾರಿಯಲ್ಲೇ ವಾಪಸು ಬರುವ ಬೇಸರವಿಲ್ಲ. ನಾಗಮಂಗಲವನ್ನು ಸೇರಿಸಿರುವುದಕ್ಕೆ ಕಾರಣವಿದೆ. ಅದು ಲೋಹದ ಎರಕಕ್ಕೆ ಹಿಂದಿನಿಂದಲೂ ಹೆಸರಾದ ಊರು. ಎರಕದ ಕೆಲಸ ಕಂಡ ಊರಿನಲ್ಲಿ ಹಳೆಯ ಪಾತ್ರೆಯ ಬೆಲೆ ತಿಳಿದವರೂ, ಅದನ್ನು ರಿಪೇರಿ ಮಾಡಬಲ್ಲವರೂ ಸಿಗುವ ಸಂಭವ ಹೆಚ್ಚು. ದಾರಿಯಲ್ಲಿ ಸಂತೆ ಸಿಕ್ಕರೆ ನಿಲ್ಲಿಸಿ. ತರಕಾರಿ ಸಾಲು ಮುಗಿಯುವ ತುದಿಯಲ್ಲಿ, ನೆಲದ ಮೇಲೆ ಗೋಣಿತಟ್ಟು ಹಾಸಿ ಹಳೆಯ ಬೀಗ, ಕುಡುಗೋಲು, ಅಡಕೊತ್ತು, ಕಳಚಿದ ಕೀಲುಗಳನ್ನು ಹರಡಿಕೊಂಡವರು ಒಬ್ಬಿಬ್ಬರಾದರೂ ಇರುತ್ತಾರೆ.

ಎರಡನೆಯದು ಎಚ್ಚರಿಕೆ. ಶ್ರೀರಂಗಪಟ್ಟಣದಲ್ಲಿ ಕಾರು ನಿಲ್ಲಿಸಿದ ಕೂಡಲೇ ಯಾರಾದರೂ ಅಂಗೈ ಬಿಚ್ಚಿ "ಟಿಪ್ಪು ಕಾಲದ ನಾಣ್ಯ, ಹೊಲ ಉಳುವಾಗ ಸಿಕ್ಕಿತು" ಎಂದು ತೋರಿಸಬಹುದು. ಅದು ನಕಲಿಯಾದರೆ ದುಡ್ಡು ಹೋಯಿತು. ಅಸಲಿಯಾದರೆ ಅದಕ್ಕಿಂತ ದೊಡ್ಡ ತೊಡಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಚಿತ್ರ, ಕರಕುಶಲ ವಸ್ತುಗಳು ಪುರಾವಸ್ತುಗಳಾಗುತ್ತವೆ. ಮಹತ್ವದ ಹಸ್ತಪ್ರತಿಗಳಿಗೆ ಎಪ್ಪತ್ತೈದೇ ವರ್ಷ. ಅವುಗಳ ವ್ಯಾಪಾರ ಮಾಡುವವರ ಬಳಿ ಪರವಾನಗಿ ಇರಬೇಕು. ನೆಲದಡಿ ಸಿಕ್ಕ ನಿಧಿಗೆ 1878ರ ಕಾಯ್ದೆಯೇ ಬೇರೆ ಇದೆ. ದಂತದ ಪೆಟ್ಟಿಗೆ, ಜಿಂಕೆಯ ಕೊಂಬು ಯಾರಾದರೂ ತೋರಿಸಿದರೆ ಕೈಯಲ್ಲೂ ಹಿಡಿಯಬೇಡಿ, ವನ್ಯಜೀವಿ ಕಾಯ್ದೆಯಡಿ ಅದರ ಮಾರಾಟವೇ ಅಪರಾಧ. ನಿಮ್ಮ ಮನಸ್ಸಿನಲ್ಲಿರುವ ಪಾವು, ಕೊಳದಪ್ಪಲೆಗಳಿಗೆ ಈ ಭಯವಿಲ್ಲ, ಅವು ನಮ್ಮ ತಾಯಂದಿರ ಕಾಲದವು. ಅಳತೆಯ ಪಾವು ಸೇರುಗಳಂತೂ ಮೆಟ್ರಿಕ್ ಪದ್ಧತಿಯನ್ನು ತಂದ 1956ರ ಕಾಯ್ದೆ ಜಾರಿಯಾಗುವವರೆಗೆ ಅಂಗಡಿಗಳಲ್ಲಿ ಅಧಿಕೃತವಾಗಿಯೇ ಇದ್ದವು. ಆದ್ದರಿಂದ ಬೇಕಾದಷ್ಟು ಉಳಿದಿವೆ.

ಪುಸ್ತಕಕ್ಕೆ ಗುಜರಿಯೇ ಗತಿ, ಆದರೆ ಅಲ್ಲಿ ಪುಸ್ತಕ ಎಂಬ ಜಾತಿಯೇ ಇಲ್ಲ. ಇರುವುದು 'ಹಳೇ ಪೇಪರ್' ಮತ್ತು 'ರಟ್ಟು'. ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗದ ಪುಸ್ತಕಗಳನ್ನು ನಾನು ಪಾಂಡವಪುರದಲ್ಲಿ ಒಂದು ಗುಜರಿಯ ರದ್ದಿ ರಾಶಿಯಿಂದ ತೂಕಕ್ಕೆ ತಂದಿದ್ದೇನೆ. ಒಂದರಲ್ಲಿ ನನ್ನ ವಿದ್ಯಾರ್ಥಿಯೊಬ್ಬನಿಗೆ ನಾನೇ ಬಹುಮಾನವಾಗಿ ಬರೆದುಕೊಟ್ಟ ಸಾಲುಗಳಿದ್ದವು. ಅವನಿಗೆ ಹೇಳಲಿಲ್ಲ.

ಜೋಡಿ ಸೈಲೆನ್ಸರ್ ಉತ್ತರಿಸಿದ್ದಾರೆ:

ಮೇಡಂ ಅವರು ವಾಹನದ ವಿಷಯ ಕೇಳಿಲ್ಲ, ಆದರೂ ಅವರ ಯಜಮಾನರು ಗುಜರಿಯ ಮುಂದೆ ನಿಂತಾಗ ಏನಾಗುತ್ತದೆಂದು ನನಗೆ ಗೊತ್ತಿರುವುದರಿಂದ ನಾಲ್ಕು ಮಾತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಮಕ್ಕಳು ಮೊಮ್ಮಕ್ಕಳು ಮಾತ್ರ ಬಿಡಿಭಾಗಗಳ ರೂಪದಲ್ಲಿ ಈ ದಾರಿಯ ಗುಜರಿಗಳಲ್ಲಿ ಇಂದಿಗೂ ಸಿಗುತ್ತಿವೆ. ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರ್ ಸನ್ನೆಯಾಗುವ ಆ ಒಂದು ತುಂಡನ್ನು ಕಬ್ಬಿಣದ ರಾಶಿಯಲ್ಲಿ ಕಂಡರೆ ಬಿಡಬೇಡಿ, ಮೈಸೂರಿನಲ್ಲಿ ಕೊಳ್ಳುವವರು ನಾವಿದ್ದೇವೆ. ಆದರೆ ಇಡೀ ಗಾಡಿಯನ್ನು "ಆರ್‌ಸಿ ಕಳೆದುಹೋಗಿದೆ, ಆಮೇಲೆ ಮಾಡಿಸಿಕೊಳ್ಳಿ" ಎಂದು ಕೊಟ್ಟರೆ ತೆಗೆದುಕೊಳ್ಳಬಾರದು. ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆ ಎರಡೂ ದಾಖಲೆಯೊಡನೆ ತಾಳೆಯಾಗದಿದ್ದರೆ ಹೆಸರಿಗೆ ವರ್ಗಾವಣೆಯೂ ಇಲ್ಲ, ನೋಂದಣಿ ನವೀಕರಣವೂ ಇಲ್ಲ.

ಇನ್ನೊಂದು, ಹಳೆಯ ವಾಲ್ವ್ ರೇಡಿಯೋ. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ, ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ ಬಾನುಲಿ ಕೇಂದ್ರದಲ್ಲಿ. ಹಾಗಾಗಿ ಮೈಸೂರಿನವರಿಗೆ ಮರದ ಪೆಟ್ಟಿಗೆಯ ರೇಡಿಯೋ ಕಂಡರೆ ಕೈ ತಡೆಯುವುದಿಲ್ಲ. ಕೊಳ್ಳಿ, ಆದರೆ ಮನೆಗೆ ತಂದು ನೇರವಾಗಿ ಪ್ಲಗ್‌ಗೆ ಚುಚ್ಚಬೇಡಿ. ಒಳಗಿನ ಕಾಗದದ ಕಂಡೆನ್ಸರ್‌ಗಳು ಸತ್ತಿರುತ್ತವೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಮಾದರಿಗಳಲ್ಲಿ ಲೋಹದ ತಟ್ಟೆಗೇ ಕರೆಂಟು ಬರುತ್ತದೆ. ತಿಳಿದ ಮೆಕ್ಯಾನಿಕ್ ಮೊದಲ ಸಲ ನೂರು ವ್ಯಾಟಿನ ಹಳೆಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ಹಚ್ಚುತ್ತಾರೆ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಅವಸರಪಟ್ಟು ನಾನು ಒಂದನ್ನು ಸುಟ್ಟಿದ್ದೇನೆ, ವಾಸನೆ ಮೂರು ದಿನ ಹೋಗಲಿಲ್ಲ.

ಜರಿ ಅಂಚು ಉತ್ತರಿಸಿದ್ದಾರೆ:

ಸೀರೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. 'ಹಳೇ ಬಟ್ಟೆಗೆ ಪಾತ್ರೆ' ಎಂದು ಕೂಗಿಕೊಂಡು ಬರುವ ಹೆಂಗಸರಿಗೆ ರೇಷ್ಮೆ ಸೀರೆ ಹಾಕುವವರು ಕಡಿಮೆ. ರೇಷ್ಮೆಯನ್ನು ಕೊಳ್ಳುವವರು ಬೇರೆ, ಅವರಿಗೆ ಬೇಕಾಗಿರುವುದು ಜರಿಯಲ್ಲಿರುವ ಬೆಳ್ಳಿ. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಿಂದ ನಡೆಯುತ್ತಿದೆ. ಅದರ ಜರಿಯಲ್ಲಿ 65 ಶೇಕಡ ಬೆಳ್ಳಿ, 0.65 ಶೇಕಡ ಚಿನ್ನ ಎಂಬುದು ಆ ಕೊಳ್ಳುವವರಿಗೆ ಬಾಯಿಪಾಠ. ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹಾಗಾಗಿ ಒಳ್ಳೆಯ ಹಳೆಯ ಸೀರೆ ಪ್ರವಾಸದಲ್ಲಿ ಅಂಗಡಿಯೊಂದರಲ್ಲಿ ಸಿಗುತ್ತದೆಂದು ನಾನು ನಂಬುವುದಿಲ್ಲ. ಗುರುತಿನ ಮನೆಗಳಲ್ಲಿ ಕೇಳಿದರೆ ಸಿಕ್ಕೀತು. ಸಿಕ್ಕಾಗ ಮಡಿಕೆಯ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ಸೀರೆ ಅಲ್ಲಿಯೇ ಸೀಳುತ್ತದೆ. ಅಂಚಿನ ಒಂದು ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗಬೇಕು, ಗಂಟುಕಟ್ಟಿದರೆ ಅದು ಪಾಲಿಯೆಸ್ಟರ್.

ಒಂಟಿಕೊಪ್ಪಲಿನ ಸೊಸೆ ಮತ್ತೆ ಬರೆದಿದ್ದಾರೆ:

ಹೋದ ಶನಿವಾರ ಭಾನುವಾರ ಹೋಗಿ ಬಂದೆವು. ಎಲ್ಲರ ಮಾತನ್ನೂ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಆದರೂ ಮೊದಲ ಅಂಗಡಿಯಲ್ಲೇ ನಮ್ಮ ಯಜಮಾನರ ಬಾಯಿಂದ "ಆಂಟಿಕ್" ಎಂಬ ಮಾತು ಜಾರಿತು. ಅಲ್ಲಿಂದ ಬರಿಗೈಯಲ್ಲಿ ಎದ್ದು ಬಂದೆವು.

ಶ್ರೀರಂಗಪಟ್ಟಣದಲ್ಲಿ ನಾಣ್ಯದವನು ಸಿಕ್ಕಿದ, ಮೇಷ್ಟ್ರು ಹೇಳಿದ ಮಾತನ್ನೇ ಅಕ್ಷರ ಬಿಡದೆ ಹೇಳಿದ. ಹೊಲ ಉಳುವಾಗ ಸಿಕ್ಕಿತು ಎಂಬಲ್ಲಿಗೆ ನನಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕು ಮುಂದೆ ಹೋದ.

ಮಂಡ್ಯದಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಅಂಗಡಿಯವರು (ತಕ್ಕಡಿಯವರೇ, ಅದು ನಿಮ್ಮದೇ ಇರಬಹುದು, ಗಲ್ಲಾದಲ್ಲಿ ಮಾತ್ರ ಹುಡುಗನೊಬ್ಬನಿದ್ದ) ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಎತ್ತರಕ್ಕೆ ಗೋಣಿಚೀಲಗಳು, ಒಂದು ಕಿಟಕಿ, ಕಿಲುಬಿನ ಹುಳಿ ವಾಸನೆ. ಹುಡುಗ ಒಂದು ಚೀಲವನ್ನು ನೆಲಕ್ಕೆ ಸುರಿದ. ನೆಗ್ಗಿದ ತಂಬಿಗೆಗಳು, ಹಿಡಿ ಕಿತ್ತ ಸೌಟುಗಳು, ಮೂಗು ಮುರಿದ ಗಿಂಡಿ, ಯಾರದೋ ದೇವರಮನೆಯ ಘಂಟೆಯ ನಾಲಿಗೆ. ತಂಬಿಗೆಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳು: ಸೌ. ನಂಜಮ್ಮ, ಚಿ. ಸೌ. ಕಾಳಮ್ಮ, ಲಗ್ನಕ್ಕೆ ಉಡುಗೊರೆ. ಅಷ್ಟು ಹೆಸರುಗಳನ್ನು ಒಂದೇ ಕಡೆ ಓದಿ ನನಗೆ ಸ್ವಲ್ಪ ಹೊತ್ತು ಏನೂ ಕೊಳ್ಳಲು ಮನಸ್ಸಾಗಲಿಲ್ಲ. ಹುಡುಗನಿಗೆ ಅರ್ಥವಾಯಿತೆಂದು ಕಾಣುತ್ತದೆ. "ಹೆಸರು ಇಲ್ಲದ್ದು ನೋಡಿ ಅಕ್ಕಾ, ಜನ ಅದನ್ನೇ ಕೇಳ್ತಾರೆ" ಎಂದ. ಕೊನೆಗೆ ಒಂದು ಹಿತ್ತಾಳೆಯ ಕೊಳದಪ್ಪಲೆ, ನಾದ ಕೇಳಿ ಆರಿಸಿದ ಎರಡು ಕಂಚಿನ ಬಟ್ಟಲು, ಇಷ್ಟನ್ನು ತೂಗಿಸಿಕೊಂಡೆವು. ಮೂರನೆಯ ಬಟ್ಟಲು ನೋಡಲು ಎಲ್ಲಕ್ಕಿಂತ ಚೆನ್ನಾಗಿತ್ತು, ತಟ್ಟಿದರೆ 'ಟಪ್' ಎಂದಿತು. ಅಲ್ಲೇ ಬಿಟ್ಟೆ.

ನಾಗಮಂಗಲದಲ್ಲಿ ಭಾನುವಾರ ನಾವು ಹೋದ ಮೂರು ಅಂಗಡಿಯೂ ಮುಚ್ಚಿದ್ದವು. ದಿನ ವಿಚಾರಿಸಿಕೊಂಡು ಹೋಗಬೇಕಿತ್ತು, ತಪ್ಪು ನಮ್ಮದೇ. ಪುಸ್ತಕಗಳೂ ಸಿಗಲಿಲ್ಲ. ಆದರೆ ಹಿಂತಿರುಗುವಾಗ ರಸ್ತೆ ಬದಿಯಲ್ಲಿ, ಬೀಗದ ಕೈಗಳ ರಾಶಿಯ ನಡುವೆ ಒಂದು ಪಾವು ಕಂಡಿತು. ಕಂಠಕ್ಕೆ ಹಿತ್ತಾಳೆಯ ಪಟ್ಟಿ, ಮೈಮೇಲೆ ಅಳತೆ ಇಲಾಖೆಯ ಸವೆದ ಮುದ್ರೆ. ಮುನ್ನೂರು ಕೇಳಿದರು, ಇನ್ನೂರ ಐವತ್ತಕ್ಕೆ ಕೊಟ್ಟರು.

ಅತ್ತೆಯವರು ಅದನ್ನು ಕೈಗೆ ತೆಗೆದುಕೊಂಡು ಹೊರಗಿನದನ್ನು ನೋಡಲೇ ಇಲ್ಲ. ಒಳಗೆ ಹೆಬ್ಬೆರಳು ಇಳಿಬಿಟ್ಟು ತಳವನ್ನು ಸವರಿದರು. ಆಮೇಲೆ ಅದನ್ನು ಮಗುಚಿ ನನಗೆ ತೋರಿಸಿದರು. ಬುಡವನ್ನು ಕೆಳಗಿನಿಂದ ಒಳಕ್ಕೆ ತಟ್ಟಿ ಗುಮ್ಮಟದಂತೆ ಉಬ್ಬಿಸಿದ್ದಾರೆ. "ಇದು ಮನೆ ಪಾವಲ್ಲ ಕಣಮ್ಮ, ಅಂಗಡಿ ಪಾವು" ಎಂದರು. ತಕ್ಕಡಿಯವರೇ, ಇದು ಏಟು ಬಿದ್ದು ಆದದ್ದೋ, ಬೇಕೆಂದೇ ಮಾಡಿದ್ದೋ? ಸರಿಪಡಿಸಲು ಬರುತ್ತದೆಯೇ? ಕೊಳದಪ್ಪಲೆಗೆ ಕಲಾಯಿಯೂ ಆಗಬೇಕು.

ತಕ್ಕಡಿ, ಮಂಡ್ಯ ಉತ್ತರಿಸಿದ್ದಾರೆ:

ಗಲ್ಲಾದಲ್ಲಿದ್ದ ಹುಡುಗ ನಮ್ಮ ಮೈದುನನ ಮಗ. ಅವತ್ತು ನಾನು ಮದುವೆಗೆ ಹೋಗಿದ್ದೆ.

ಏಟು ಬಿದ್ದು ಆಗಿದ್ದರೆ ನೆಗ್ಗು ಒಂದು ಪಕ್ಕಕ್ಕೆ ವಾಲಿರುತ್ತದೆ. ಸುತ್ತ ಒಂದೇ ಸಮನೆ ಗುಮ್ಮಟದಂತೆ ಎದ್ದಿದ್ದರೆ ಮರದ ಕೊಡತಿಯಿಂದ ಬೇಕೆಂದೇ ತಟ್ಟಿದ್ದು. ಮುದ್ರೆ ಒತ್ತಿಸಿಕೊಂಡು ಬಂದ ಮೇಲೆ ಹೀಗೆ ಮಾಡಿದರೆ ಪ್ರತಿ ಪಾವಿಗೂ ಒಂದು ಹಿಡಿಯ ಕಾಲುಭಾಗ ಅಕ್ಕಿ ಅಂಗಡಿಯವನಿಗೆ ಉಳಿಯುತ್ತಿತ್ತು. ನಿಮ್ಮ ಅತ್ತೆಯವರ ಹೆಬ್ಬೆರಳಿಗೆ ನನ್ನ ನಮಸ್ಕಾರ ತಿಳಿಸಿ. ಒಳಗಿನಿಂದ ಮರದ ತುಂಡು ಕೊಟ್ಟು ಮೆಲ್ಲಗೆ ತಟ್ಟಿದರೆ ಬುಡ ಮತ್ತೆ ಸಮನಾಗುತ್ತದೆ. ಆದರೆ ತೆಳುವಾಗಿದ್ದರೆ ಬಿರುಕು ಬಿಡುವ ಅಪಾಯವಿದೆ, ಕಾಯಿಸದೆ ತಟ್ಟಲು ಬಿಡಬೇಡಿ.

ಕಲಾಯಿಯವರು ನಮ್ಮ ಅಂಗಡಿಯ ಮುಂದಕ್ಕೆ ಪ್ರತಿ ತಿಂಗಳು ಬರುತ್ತಾರೆ. ಮುಂದಿನ ಸಲ ಬಂದಾಗ ಇಲ್ಲಿಯೇ ಬರೆಯುತ್ತೇನೆ, ಕೊಳದಪ್ಪಲೆ, ಪಾವು ಎರಡನ್ನೂ ತನ್ನಿ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ. ಹಿಂದಿನ ಕೋಣೆಯಲ್ಲಿ ಇನ್ನೂ ನಾಲ್ಕು ಚೀಲ ಬಿಚ್ಚಿಲ್ಲ, ಟೆಂಪೋ ಬರುವುದು ಹದಿನೈದು ದಿನ ತಡ.